ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರು

ಭಾವ ಚುನಾವಣೆಗೆ ನಿಂತದ್ದು ಅದೇ ಮೊದಲು. ಟೈರ್ ಅಂಗಡಿಯವನು ನಗರಸಭೆಗೂ ಗಾಳಿ ತುಂಬಿಸಿ ಬರುತ್ತಾನೆ ಎಂದು ಬೀದಿಯವರು ನಗುತ್ತಿದ್ದರು. ವೆಬ್‌ಸೈಟ್ ಇಲ್ಲದವನನ್ನು ಈಗ ಯಾರೂ ಮೂಸಿ ನೋಡುವುದಿಲ್ಲ ಎಂದು ಯಾರೋ ಅವನ ಕಿವಿ ಊದಿದ್ದೇ ತಡ, ಕೆಲಸ ಬಂದು ಹೆಂಡತಿಯ ತಂಗಿಯ ತಲೆಗೆ ಬಿತ್ತು. ಅವಳು ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮೇಲೆ ಪುಟ ಕಟ್ಟುವವಳು. ಅಕ್ಕನ ಮುಖ ನೋಡಿ ಒಪ್ಪಿದಳು.

ಪರಿಚಯ, ಭರವಸೆ, ಸಂಪರ್ಕ ಎಲ್ಲ ಸಲೀಸಾಗಿ ಮುಗಿದವು. ‘ಮಾಡಿದ ಕೆಲಸ’ ಎಂಬ ಪುಟ ಮಾತ್ರ ಬೋಳಾಗಿತ್ತು. ಹಾಕಲು ಏನಾದರೂ ಇದ್ದರೆ ತಾನೇ?

ಒಂದು ಮಧ್ಯಾಹ್ನ ಭಾವ ಮುದ್ರಣಾಲಯಕ್ಕೇ ಬಂದು ಫೋನ್ ಮುಂದೆ ಹಿಡಿದ. ಮುಚ್ಚಲು ಹೊರಟಿದ್ದ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಬೀದಿಯ ಹೆಂಗಸರು ಧರಣಿ ಕೂತಿದ್ದ ಹಳೆಯ ಫೋಟೋ. ನಡುವೆ ಅಕ್ಕ ಇರಬೇಕಿತ್ತು. ಅಲ್ಲಿ ಭಾವ ಕೂತಿದ್ದ. ಅಂಗಡಿಯಲ್ಲೇ ಯಾರೋ ಒರಟೊರಟಾಗಿ ಅಂಟಿಸಿದ್ದರು. ಅಕ್ಕನ ಮೊಣಕೈ ಅವನ ಪಕ್ಕೆಯಿಂದ ಇನ್ನೂ ಹೊರಗೆ ಚಾಚಿಕೊಂಡಿತ್ತು. ಅದನ್ನು ಅವಳ ಫೋನಿಗೆ ಕಳಿಸಿ, ಇದನ್ನು ನೀಟಾಗಿ ಮಾಡಿ ಹಾಕು ಎಂದ.

ತಂಗಿಗೆ ಅಂಗಾಲಿಂದ ನೆತ್ತಿಯವರೆಗೆ ಉರಿದುಹೋಯಿತು. ಆ ಮೆಟ್ಟಿಲ ಮೇಲೆ ಅಕ್ಕ ಬಿಸಿಲು ಚಳಿ ಎನ್ನದೆ ಕೂತಿದ್ದಳು. ಪೊಲೀಸರು ಎಳೆದಾಡಿದಾಗ ಅವಳ ಮಣಿಕಟ್ಟು ಮುರಿದಿತ್ತು. ಮಾನ ಕಳೆದೆ ಎಂದು ಇದೇ ಭಾವ ಆಗ ಅವಳೊಡನೆ ಮಾತು ಬಿಟ್ಟಿದ್ದ. ಆಸ್ಪತ್ರೆ ಉಳಿಯಿತು, ಅಕ್ಕನ ಕೈ ಮಾತ್ರ ಮೊದಲಿನಂತಾಗಲಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಈಗ ಹಾವು ಬಂದಿತ್ತು.

ಆಗಲ್ಲ ಎಂದಳು. ಭಾವ ನಕ್ಕ.

“ಗಂಡ ಹೆಂಡ್ತಿ ಅಂದ್ಮೇಲೆ ಅವಳು ಬೇರೆ, ನಾನು ಬೇರೇನಾ? ಅವಳು ಮಾಡಿದ್ದೆಲ್ಲ ನಂದೇ.”

“ಹಂಗಾದ್ರೆ ಅವತ್ತು ಮುರಿದಿದ್ದು ನಿಮ್ಮ ಕೈಯಾ, ಭಾವ?”

ಅಚ್ಚಿನ ಯಂತ್ರದ ಬಳಿ ಇದ್ದವರು ತಿರುಗಿ ನೋಡಿದರು. ನಿಮ್ಮಕ್ಕನೇ ಒಪ್ಪಿದ್ದಾಳೆ, ಹೋಗಿ ಕೇಳು ಎಂದು ಗೊಣಗಿ ಭಾವ ಹೊರಟುಹೋದ.

ತಂಗಿ ನೇರವಾಗಿ ಅಕ್ಕನ ಮನೆಗೆ ಹೋದಳು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು, ಬಗ್ಗದ ಕೈಯಿಂದ ಬಟ್ಟೆ ಅದುಮಿ ಹಿಡಿದು ಹೊಲಿಯುತ್ತಿದ್ದಳು. ಹೌದು, ಒಪ್ಪಿದ್ದೇನೆ, ಮನೆಯಲ್ಲಿ ನೆಮ್ಮದಿ ಇದ್ದರೆ ಸಾಕು ಎಂದಳು. ಭಾವನ ಮೇಲಿದ್ದ ಸಿಟ್ಟು ಈಗ ದುಪ್ಪಟ್ಟಾಗಿ ಅಕ್ಕನ ಮೇಲೆ ತಿರುಗಿತು. ನಿನಗೆ ಉಪ್ಪು ಖಾರ ಏನೂ ಇಲ್ಲವಾ ಎಂದು ಬೈಯುತ್ತಲೇ ತಂಗಿ ಫೋಟೋ ತೋರಿಸಿದಳು.

ಅಕ್ಕ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ತನ್ನ ಜಾಗದಲ್ಲಿ ಕೂತಿದ್ದ ಗಂಡನ ಮೇಲೆ ಬೆರಳಾಡಿಸಿ ಮುಂದೆ ಸರಿದಳು. ಆಮೇಲೆ ಅವಳ ಬೆರಳು ಪಕ್ಕದ ಮುಖದ ಮೇಲೆ ನಿಂತಿತು. ಬೀದಿಯ ಹೆರಿಗೆಗಳನ್ನೆಲ್ಲ ನೋಡಿಕೊಂಡಿದ್ದ ಸೂಲಗಿತ್ತಿ ಅಜ್ಜಿ. ಮೊದಲು ಹೋಗಿ ಕೂತವಳು ಅವಳೇ. ಆಸ್ಪತ್ರೆ ಉಳಿಯಿತೆಂಬ ಸುದ್ದಿ ಬರುವ ಮೊದಲೇ ತೀರಿಕೊಂಡಿದ್ದಳು. ಫೋಟೋದಲ್ಲಿ ಅಕ್ಕನ ಹೆಗಲ ಮೇಲಿದ್ದ ಅವಳ ಕೈ ಈಗ ಭಾವನ ಹೆಗಲ ಮೇಲಿತ್ತು.

“ನನ್ನ ಜಾಗ ಹೋಗ್ಲಿ,” ಎಂದಳು ಅಕ್ಕ. “ಈ ಮುದುಕಿ ನನ್ನ ತಲೆ ಕೆಡಿಸಿದ್ಲು ಅಂತ ನಿಮ್ಮ ಭಾವ ಅಜ್ಜೀನ ಇದೇ ಬಾಗಿಲಿಂದ ಅಟ್ಟಿದ್ರು ಕಣೇ. ಈಗ ಅವಳ ಕೈ ಹೆಗಲಿಗೆ ಹಾಕ್ಕೊಂಡು ವೋಟು ಕೇಳ್ತಾರಾ?”

ಯಂತ್ರ ನಿಲ್ಲಿಸಿ, ಚಪ್ಪಲಿ ಮೆಟ್ಟಿ ಟೈರ್ ಅಂಗಡಿಗೆ ನಡೆದಳು. ತಂಗಿ ಹಿಂದೆಯೇ ಓಡಿದಳು. ಅಂಗಡಿಯ ತುಂಬ ಭಾವನ ಬೆಂಬಲಿಗರು ಕೂತಿದ್ದರು. ಅಕ್ಕ ದನಿ ಏರಿಸಲಿಲ್ಲ.

“ಆ ಫೋಟೋ ಎಲ್ಲಾದ್ರೂ ಬಂತೋ, ಚುನಾವಣೆ ಮುಗಿಯೋವರೆಗೂ ಈ ಅಂಗಡಿ ಮುಂದೆ ಕೂರ್ತೀನಿ. ಕೂರೋದು ಹೇಗೆ ಅಂತ ನಂಗೆ ಚೆನ್ನಾಗಿ ಗೊತ್ತು.”

ಭಾವ ಎದುರಿಗಿದ್ದವರನ್ನು ನೋಡಿ ನಗಲು ಹೋದ. ಯಾರೂ ಜೊತೆಗೂಡಲಿಲ್ಲ.

ವೆಬ್‌ಸೈಟ್ ಮೂರೇ ಪುಟಗಳೊಂದಿಗೆ ಹೊರಬಂತು. ಭಾವ ಸೋತ. ಕುಣಿಯಲಾರದವನು ನೆಲ ಡೊಂಕು ಎಂದಂತೆ, ಎಲ್ಲ ವೆಬ್‌ಸೈಟಿನಿಂದ ಆದದ್ದು ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ.

ತಂಗಿಯ ಸಿಟ್ಟು ಇಳಿಯಲಿಲ್ಲ. ಅಜ್ಜಿಗಾಗಿ ಸಿಡಿದವಳು ತನಗಾಗಿ ಏಕೆ ಸಿಡಿಯಲಿಲ್ಲ ಎಂದು ಒಂದು ದಿನ ಕೇಳಿಯೇಬಿಟ್ಟಳು. ಅಕ್ಕ ದಾರ ಕಚ್ಚಿ ತುಂಡರಿಸಿದಳು.

“ಅದೂ ಬರುತ್ತೆ ಬಿಡು,” ಎಂದಳು. “ಈಗ ಸಿಟ್ಟಿಗೆ ದಾರಿ ಗೊತ್ತಾಗಿದೆ.”