ರಾಕೆಟ್ಟಿನ ತುದಿಗೆ ಕೂರುವವರು

ಬಯ್ಯಪ್ಪನದು ರಾಹುಕಾಲ ಗುಳಿಕಾಲ ನೋಡುವ ಮನೆಯಲ್ಲ. ನಡುಮನೆಗೆ ಬುದ್ಧನ ಪಟ ಬಂದ ವರ್ಷವೇ ಪಂಚಾಂಗ ಅಟ್ಟ ಸೇರಿತ್ತು. ಆದರೆ ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಸಾಕುವವನು ಹುಳದ ಕಾಲವನ್ನಂತೂ ನೋಡಲೇಬೇಕು. ಮಗಳು ರೂಪಳನ್ನು ನೋಡಲು ಗಂಡಿನವರು ಬರುತ್ತೇವೆ ಅಂದಾಗ ಅವನು ಬೆರಳು ಮಡಿಸಿ, ಹುಳ ಹಣ್ಣಾಗುವುದು ಸೋಮವಾರ, ಭಾನುವಾರವೇ ಬಂದು ಹೋಗಲಿ ಎಂದಿದ್ದ.

ಎರಡು ಸಾವಿರದ ಒಂಬತ್ತರ ಏಪ್ರಿಲ್ ಬಿಸಿಲು ಆ ಲೆಕ್ಕವನ್ನು ಕೇಳಲಿಲ್ಲ. ಭಾನುವಾರ ಬೆಳಗ್ಗೆ ಹುಳಮನೆಯ ಬಾಗಿಲು ತೆಗೆದರೆ, ತಟ್ಟೆ ತಟ್ಟೆಯಲ್ಲೂ ಹುಳ ಸೊಪ್ಪು ಬಿಟ್ಟು, ಮೈಯೆಲ್ಲ ತಿಳಿಹಳದಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದೆ. ಒಂದೊಂದನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ಸೊಪ್ಪಿನ ಮೇಲೆ ದಂಡ.

"ಇವತ್ತು ಬರಬೇಡಿ ಅಂತ ಫೋನ್ ಮಾಡ್ತೀನಿ," ಅಂದ ಬಯ್ಯಪ್ಪ.

"ಇಷ್ಟೊತ್ತಿಗೆ ಬಸ್ಸು ಹತ್ತಿರ್ತಾರೆ ಕಣಪ್ಪ. ಬರಲಿ ಬಿಡು." ರೂಪ ತಲೆಗೆ ಟವೆಲ್ ಸುತ್ತಿಕೊಂಡು ಆರಿಸಲು ಕೂತಳು. "ನನ್ನ ಕೆಲಸ ಏನು ಅಂತ ಅವರಿಗೆ ಹೇಳಿದ್ದೀಯ ತಾನೇ?"

"ಫ್ಯಾಕ್ಟರಿ ಅಂದಿದ್ದೀನಿ."

"ಯಾವ ಫ್ಯಾಕ್ಟರಿ?"

ಬಯ್ಯಪ್ಪ ಕಿವಿ ಕೇಳಿಸದವನಂತೆ ಇನ್ನೊಂದು ತಟ್ಟೆ ಇಳಿಸಿದ.

ರೂಪ ಶ್ರೀಹರಿಕೋಟೆಯಲ್ಲಿ ರಾಕೆಟ್ಟಿಗೆ ಘನ ಇಂಧನ ತಯಾರಿಸುವ ಕಡೆ ಕೆಲಸಕ್ಕಿದ್ದಳು; ರಜೆ ಹಾಕಿ ಊರಿಗೆ ಬಂದಿದ್ದಳು. ಹಿಂದೆ ನೋಡಲು ಬಂದವರಲ್ಲಿ ಒಬ್ಬ, ಅದನ್ನು ಬಿಟ್ಟು ಬಾ ಅಂದ. ಇನ್ನೊಬ್ಬನ ತಾಯಿ, ಮದ್ದು ಅರೆಯೋ ಹುಡುಗಿ ನಮಗೆ ಬೇಡ ಎಂದು ಕಾಫಿ ಅರ್ಧಕ್ಕೇ ಇಟ್ಟು ಎದ್ದಳು. ಈಗ ಹಿಂದಿನವಕ್ಕಿಂತ ದೊಡ್ಡ ಬೂಸ್ಟರಿನ ಕೆಲಸಕ್ಕೆ ಅವಳನ್ನು ಹಾಕಿದ್ದರು. ಮುಂದೆ ಮನುಷ್ಯರನ್ನೂ ಬಾಹ್ಯಾಕಾಶಕ್ಕೆ ಕಳಿಸುವ ಮಾತು ಪೇಪರಿನಲ್ಲೂ ಬರುತ್ತಿತ್ತು. ಅದನ್ನು ಬಿಡು ಎನ್ನುವ ಗಂಡು ಅವಳಿಗೆ ಬೇಡ. ಆದರೆ ಗೌರಿಬಿದನೂರು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಈ ಸುನೀಲನ ಫೋಟೊವನ್ನು ಅವಳು ಅಪ್ಪನಿಗೆ ಇನ್ನೂ ವಾಪಸು ಕೊಟ್ಟಿರಲಿಲ್ಲ. ಇವನೂ ಅದೇ ಮಾತು ಆಡಿಬಿಟ್ಟರೆ ಎಂಬುದೇ ಅವಳ ದಿಗಿಲು.

ಆಟೋ ಬಂದು ನಿಂತಿತು. ಇಳಿದವರು ಇಬ್ಬರೇ: ಇಸ್ತ್ರಿ ಅಂಗಿಯ ಸುನೀಲ, ತಂದೆತಾಯಿ ಇಲ್ಲದ ಅವನನ್ನು ಚಿಂತಾಮಣಿಯಲ್ಲಿ ಸಾಕಿ ಬೆಳೆಸಿದ ಅಜ್ಜಿ ಗಂಗುಲಮ್ಮ. ಅಜ್ಜಿ ಹೂಂ ಅಂದರೆ ಮದುವೆ. ಮನೆಯಲ್ಲಿ ಯಾರೂ ಕಾಣದೆ ಇಬ್ಬರೂ ಹಿಂದಿನ ಹುಳಮನೆಯ ತನಕ ನಡೆದು ಬಂದರು.

"ಸೆಂಟ್ ಹಾಕಿದ್ದೀರಾ?" ಇದು ರೂಪ ಗಂಡಿಗೆ ಆಡಿದ ಮೊದಲ ಮಾತು.

"ಸ್ವಲ್ಪ..."

"ಹಾಗಾದ್ರೆ ಅಲ್ಲೇ ನಿಂತ್ಕೊಳ್ಳಿ. ಆ ವಾಸನೆ ಹುಳಕ್ಕೆ ಆಗಲ್ಲ. ಅಜ್ಜಿ, ಬಾಯಲ್ಲೇನು, ಹೊಗೆಸೊಪ್ಪಾ? ಉಗುಳಿ ಬಾಯಿ ತೊಳ್ಕೊಂಡು ಬನ್ನಿ."

"ಅಬ್ಬೋ! ನೋಡೋಕೆ ಬಂದೋರಿಗೇ ಬಾಯಿ ತೊಳಿಸ್ತಾಳಲ್ಲಪ್ಪ!" ಅಂದ ಅಜ್ಜಿ ಬಾಗಿಲಲ್ಲೇ ಕತ್ತು ಚಾಚಿ ಒಳಗೆ ನೋಡಿದಳು. ಹರೆಯದಲ್ಲಿ ಅವಳೂ ಹುಳ ಸಾಕಿದವಳೇ. "ಓರಿ ನಾಯನಾ, ಎಲ್ಲಾ ಹಣ್ಣಾಗೋಗಿದೆ! ಏಯ್ ಸುನೀಲ, ನಿಂತ್ಕೊಂಡು ಏನ್ ನೋಡ್ತೀಯೋ, ಅಂಗಿ ಬಿಚ್ಚೋ!"

ಹೀಗೆ ಹೆಣ್ಣು ನೋಡಲು ಬಂದ ಗಂಡು ಮೈಕೈ ತೊಳೆದು, ಮಾವನಾಗಬೇಕಾದವನ ಬನಿಯನ್, ಲುಂಗಿಯಲ್ಲಿ ಹುಳ ಆರಿಸಲು ಕೂತ. ಬಾಯಿ ತೊಳೆದು ಬಂದ ಅಜ್ಜಿ ಪಕ್ಕದಲ್ಲೇ ಕೂತಳು. ಮೊದಲ ಹುಳ ಬೆರಳು ಹತ್ತಿದ್ದೇ ಕಿರುಚಿದ.

"ಇದು ಕಚ್ಚುತ್ತಾ?"

"ಇಲ್ಲ, ಮುತ್ತಿಡುತ್ತೆ," ಅಂದಳು ಅಜ್ಜಿ. ರೂಪ ನಗು ತಡೆಯಲಾರದೆ ಚಂದ್ರಿಕೆಯ ಹಿಂದೆ ಮುಖ ಮರೆಸಿಕೊಂಡಳು.

"ಫ್ಯಾಕ್ಟರಿಯಲ್ಲೂ ಹಿಂಗೇ ಬಂದೋರನ್ನ ಬಾಗಿಲಲ್ಲಿ ತಡೀತೀಯೇನಮ್ಮ?"

"ಅಲ್ಲಿ ನನ್ನನ್ನೇ ತಡೀತಾರೆ ಅಜ್ಜಿ. ಬೆಂಕಿಪೊಟ್ಟಣ ಇಲ್ವಲ್ಲ, ಮೊಬೈಲ್ ಇಲ್ವಲ್ಲ, ನೈಲಾನ್ ಬಟ್ಟೆ ಇಲ್ವಲ್ಲ ಅಂತ."

"ಅಂಥಾದ್ದೇನು ತಯಾರಿಸ್ತೀರಿ?"

ಬಯ್ಯಪ್ಪನಿಗೆ ಕೆಮ್ಮು ಬಂತು. ರೂಪ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, "ರಾಕೆಟ್ಟಿನ ಮದ್ದು," ಅಂದಳು.

ಸುನೀಲನ ಕೈ ತಟ್ಟೆಯ ಮೇಲೇ ನಿಂತಿತು. ಅಜ್ಜಿ ಮಾತ್ರ ಆರಿಸುತ್ತಲೇ ಇದ್ದಳು. "ಹೆಂಗ್ ಮಾಡ್ತೀರಿ?"

"ಪುಡಿಗೆ ರಬ್ಬರಿನಂಥ ಅಂಟು ಹಾಕಿ ನಾದೋದು. ಮುದ್ದೆ ಥರಾನೇ. ಗಂಟು ಇರಬಾರದು, ಗಾಳಿಗುಳ್ಳೆ ಇರಬಾರದು, ಗಟ್ಟಿಯಾದ್ಮೇಲೆ ಬಿರುಕು ಬಿಡಬಾರದು."

"ಕೈಯಲ್ಲಾ?"

"ಮಿಷನ್ ನಾದುತ್ತೆ ಅಜ್ಜಿ. ನಾವು ದೂರದ ರೂಮಲ್ಲಿ ಕೂತು ಟಿವಿಯಲ್ಲಿ ನೋಡ್ತೀವಿ."

"ಟಿವಿ ನೋಡೋಕೆ ಸಂಬಳಾನಾ! ನಾನೂ ಬರ್ತೀನಿ."

ಸುನೀಲ ಮತ್ತೊಂದು ಹುಳ ಎತ್ತುತ್ತಾ ಕೇಳಿದ. "ರಾಕೆಟ್ಟನ್ನ ಮಧ್ಯದಲ್ಲಿ ಆಫ್ ಮಾಡಬಹುದಾ?"

"ಆಗಲ್ಲ. ಒಂದ್ಸಲ ಹತ್ತಿದ್ರೆ ಮುಗಿಯೋವರೆಗೂ ಉರಿಯೋದೇ."

"ಇವೂ ಹಂಗೇ ಅಲ್ವೇನೋ," ಅಜ್ಜಿ ಅಂಗೈಯಲ್ಲಿ ತಲೆಯಾಡಿಸುತ್ತಿದ್ದ ಹುಳವನ್ನು ಅವನ ಮೂಗಿಗೆ ಹಿಡಿದಳು. "ಶುರು ಮಾಡಿದ್ಮೇಲೆ ನಿಲ್ಲು ಅಂದ್ರೆ ನಿಲ್ತವಾ?"

"ಅದಲ್ಲ ಅಜ್ಜಿ. ಮುಂದೆ ಮನುಷ್ಯರು ಕೂತ್ರೆ? ಏನಾದ್ರೂ ಕೆಟ್ರೆ?"

ರೂಪಳ ಮುಖ ಅರಳಿತು. ಇದುವರೆಗೆ ಬಂದವರು ಯಾರೂ ಇದನ್ನು ಕೇಳಿರಲಿಲ್ಲ. "ಅದಕ್ಕೇ ತುದಿಯಲ್ಲಿ ಇನ್ನೊಂದು ಸಣ್ಣ ರಾಕೆಟ್ ಇಡ್ತಾರೆ. ಕೆಳಗಡೆ ಎಡವಟ್ಟಾದ್ರೆ, ಅವರು ಕೂತಿರೋ ಡಬ್ಬಾನ ಕಿತ್ಕೊಂಡು ದೂರ ಹಾರಿಬಿಡುತ್ತೆ. ಆಮೇಲೆ ಪ್ಯಾರಾಚೂಟಿನ ಕೊಡೆ ಬಿಚ್ಚಿ ಇಳಿಯೋದು."

"ಅದಕ್ಕೂ ಮದ್ದು..."

"ಬೇಕಲ್ಲ! ಇಂಥದ್ದೇ." ಅವಳು ನೇರ ಅವನನ್ನೇ ನೋಡಿದಳು. "ನಾನು ನಾದಿದ್ದರ ಮೇಲೆ ನೀವು ಕೂರ್ತೀರಾ?"

ಹುಳವೊಂದು ಸುನೀಲನ ಕಿವಿಯತ್ತ ಹೊರಟಿತ್ತು.

"ಅವನನ್ನೇನು ಕೇಳ್ತೀಯ, ನಾನು ಕೂರ್ತೀನಿ," ಅಂದಳು ಗಂಗುಲಮ್ಮ. "ಕಿಟಕಿ ಪಕ್ಕ."

"ಅಜ್ಜಿ, ನಿನ್ನ ವಯಸ್ಸಿಗೆ..."

"ರೈಲಲ್ಲಿ ಮುದುಕರಿಗೆ ರಿಯಾಯ್ತಿ ಕೊಡಲ್ವಾ ನೀನು? ರಾಕೆಟ್ಟಲ್ಲೂ ಕೊಡ್ತಾರೆ." ಆಮೇಲೆ ಅವಳು ನಗು ನಿಲ್ಲಿಸಿ ರೂಪಳ ಕಡೆ ತಿರುಗಿದಳು. "ಆದ್ರೆ ಒಂದು ಮಾತು ಕಣಮ್ಮ. ಮದುವೆ ಆದ್ಮೇಲೆ ಈ ಕೆಲಸ..."

ಬಯ್ಯಪ್ಪ ಕಣ್ಣು ಮುಚ್ಚಿಕೊಂಡ. ರೂಪ ಆರಿಸಿದ ಹುಳಗಳನ್ನು ಅಂಗೈಯಲ್ಲೇ ಹಿಡಿದುಕೊಂಡಳು.

"...ಬಿಟ್ಟೆ ಅಂದ್ರೆ ನಾನು ಸುಮ್ನಿರಲ್ಲ. ಬೇರೆಯೋರು ನಾದಿದ್ದರ ಮೇಲೆ ನಾನು ಕೂರೋದಿಲ್ಲ, ಈಗಲೇ ಹೇಳಿದ್ದೀನಿ."

"ಸೂಳ್ಳೂರುಪೇಟೆಯಲ್ಲೂ ಸ್ಟೇಷನ್ ಇದೆ," ಸುನೀಲ ಕಿವಿಯ ಹುಳವನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾ ಅಂದ. "ಶ್ರೀಹರಿಕೋಟೆಗೆ ಅಲ್ಲೇ ಇಳಿಯೋದು ಅಲ್ವಾ? ಅಲ್ಲಿಗೆ ವರ್ಗ ಕೇಳ್ತೀನಿ. ಮತ್ತೆ... ನಾನೂ ಕೂರ್ತೀನಿ. ಅಜ್ಜಿ ಪಕ್ಕ."

ರೂಪ ನಕ್ಕ ನಗೆಗೆ ಅಂಗೈಯ ಹುಳಗಳೆಲ್ಲ ಮಡಿಲಿಗೆ ಉದುರಿದವು. ಬಯ್ಯಪ್ಪ ಕಾಫಿ ತರುತ್ತೇನೆಂದು ಎದ್ದವನು, ಹುಳದ ತಟ್ಟೆ ಹಿಡಿದುಕೊಂಡೇ ಅಂಗಳದಲ್ಲಿ ಒಂದು ಸುತ್ತು ಹಾಕಿ, ಯಾಕೆ ಬಂದೆನೆಂದು ಮರೆತು ವಾಪಸು ಬಂದ.

"ಎಲ್ಲಾ ಒಪ್ಪಿಗೆ ಆಯ್ತಲ್ಲ," ಗಂಗುಲಮ್ಮ ಸೊಂಟದ ಚೀಲಕ್ಕೆ ಕೈಹಾಕಿದಳು. "ಒಂದು ಎಸಳು ಹೊಗೆಸೊಪ್ಪು ಹಾಕ್ಕೊಳ್ಳಲಾ?"

"ಆಚೆ ಹೋಗಿ!" ರೂಪ ಮತ್ತು ಸುನೀಲ ಒಟ್ಟಿಗೇ ಕೂಗಿದರು.