ನಾನು ಸತ್ತರೆ ಮಾತ್ರ ಒಡೆಯುವುದು

ನಾನು ಒಂದು ಕಾಗದ. ಅಮೆರಿಕದ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದ ಕಾಲದಲ್ಲಿ, ವರ್ಜೀನಿಯಾದ ಹೊಳೆದಂಡೆಯ ಒಂದು ಡೇರೆಯಲ್ಲಿ ಹುಟ್ಟಿದೆ. ಬರೆದವನು ಉತ್ತರದ ಸೈನ್ಯದ ಕ್ಯಾಪ್ಟನ್ ಎಬನೇಜರ್ ಥಾರ್ನ್. ಹೆಂಡತಿ ಲುವೀಸಾಗೆ ಅವನು ಆಗಾಗ ಕಾಗದ ಹಾಕುತ್ತಿದ್ದ. ನನ್ನ ಆ ಅಣ್ಣಂದಿರ ಹೊಟ್ಟೆಯಲ್ಲಿ ಬರೀ ಬೂಟು, ಕೆಸರು, ಬೇಯದ ಹುರುಳಿಕಾಳು. ನಾನು ಹಾಗಲ್ಲ.

ಕಾಳಗದ ಹಿಂದಿನ ಸಂಜೆ ಅಧಿಕಾರಿಗಳು ಮನೆಗೊಂದು ಕೊನೆಯ ಕಾಗದ ಬರೆದು ಸ್ನೇಹಿತನ ಕೈಗೆ ಕೊಟ್ಟಿಡುವುದು ಅಲ್ಲಿನ ರೂಢಿ. ಸತ್ತರೆ ಅವನು ಅಂಚೆಗೆ ಹಾಕಬೇಕು, ಬದುಕಿದರೆ ಹಿಂದಕ್ಕೆ ಕೊಡಬೇಕು. ಥಾರ್ನ್ ನನ್ನ ಲಕೋಟೆಯ ಮೇಲೆ ‘ನಾನು ಸತ್ತರೆ ಮಾತ್ರ ಒಡೆಯುವುದು’ ಎಂದು ಬರೆದು, ಲೆಫ್ಟಿನೆಂಟ್ ಪಿಂಕಮ್‌ನ ಕೈಗಿಟ್ಟ. ಅಂದರೆ ಯಜಮಾನ ಸತ್ತರಷ್ಟೇ ನನಗೆ ಬಾಳು. ಇಂಥ ಹುಟ್ಟು ಯಾರಿಗೂ ಬೇಡ.

ಮರುದಿನ ಥಾರ್ನ್ ಕುದುರೆಯಿಂದ ಉರುಳಿದ್ದನ್ನು ಪಿಂಕಮ್ ಕಣ್ಣಾರೆ ಕಂಡ. ಹೆಣ ಸಿಗಲಿಲ್ಲ. ಆದರೂ ಅಳುತ್ತಲೇ ನನ್ನನ್ನು ಅಂಚೆಗೆ ಹಾಕಿದ. ಪಾಪ, ಕೊಟ್ಟ ಮಾತು ಉಳಿಸಿಕೊಂಡ, ಅಷ್ಟೆ.

ಲುವೀಸಾ ಲಕೋಟೆಯ ಮೇಲಿನದನ್ನು ಓದಿ, ನನ್ನನ್ನು ಹೊಲಿಗೆಬುಟ್ಟಿಯ ತಳಕ್ಕೆ ತಳ್ಳಿದಳು. ಅತ್ತೆ ಕಣ್ಣೀರಿಟ್ಟಳು. “ಒಡೀಬಾರದೇನಮ್ಮ? ಅವನ ಕೊನೇ ಮಾತಾದ್ರೂ ಕೇಳೋಣ.”

“ಒಡೆದ್ರೆ ಅವರು ಇಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗತ್ತೆ, ಅತ್ತೆ. ನಾನು ಒಪ್ಪಲ್ಲ.”

ಊರವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಪಾದ್ರಿ ಬಂದು ಬುದ್ಧಿ ಹೇಳಿ ಹೋದ. ಅವಳು ವಿಧವೆಯರ ಕಪ್ಪು ಬಟ್ಟೆ ತೊಡಲಿಲ್ಲ, ಬುಟ್ಟಿಗೂ ಕೈ ಹಾಕಲಿಲ್ಲ. ಒಳಗೆ ಕುಳಿತು ನನಗೆ ಸಂಕಟ. ಓದಿಸಿಕೊಳ್ಳುವ ಆಸೆ ಒಂದು ಕಡೆ, ಅವಳೇ ಗೆಲ್ಲಲಿ ಎಂಬ ಹಾರೈಕೆ ಇನ್ನೊಂದು ಕಡೆ.

ಅವಳೇ ಗೆದ್ದಳು. ಗಾಯಗೊಂಡು ಶತ್ರುಗಳ ಸೆರೆಯಲ್ಲಿದ್ದ ಥಾರ್ನ್, ಸೇಬು ಕೀಳುವ ಕಾಲಕ್ಕೆ ಎಲುಬಿನ ಹಂದರವಾಗಿ ಮನೆ ಸೇರಿದ. ಊಟ ಮುಗಿದ ಮೇಲೆ ಲುವೀಸಾ ನನ್ನನ್ನು ಅವನ ಮುಂದಿಟ್ಟಳು.

“ನಾನು ಒಡೆದಿಲ್ಲ. ಒಳಗಿರೋದನ್ನ ಬಾಯಲ್ಲೇ ಹೇಳಿ.”

ಅವನ ಕಿವಿ ಕೆಂಪಾಯಿತು. “ಕಂದು ಕುದುರೆ ಮಾರಬೇಡ ಅಂತ ಬರೆದಿದ್ದೆ.”

“ಅಷ್ಟೇನಾ?”

“ಅಷ್ಟೇ.”

ಸುಳ್ಳಲ್ಲ, ಅದು ನನ್ನ ಕಡೆಯ ಸಾಲು. ಆದರೆ ಅದರ ಮೇಲಿದ್ದದ್ದನ್ನೆಲ್ಲ ಪುಣ್ಯಾತ್ಮ ನುಂಗಿಬಿಟ್ಟ. ನನಗೆ ಮೈ ಉರಿದುಹೋಯಿತು. ಅವನು ನನ್ನನ್ನು ಒಲೆಗೆ ಹಾಕಲು ಎದ್ದಾಗ ಲುವೀಸಾ ಕಿತ್ತುಕೊಂಡಳು.

“ಇರಲಿ ಬಿಡಿ. ಲಕೋಟೆ ಮೇಲೆ ಬರೆದಿರೋದು ಒಂದಲ್ಲ ಒಂದು ದಿನ ನಿಜ ಆಗತ್ತಲ್ಲ.”

ಆಮೇಲೆ ಥಾರ್ನ್‌ನನ್ನು ಪಶ್ಚಿಮದ ಕೋಟೆಗಳ ಕಾವಲಿಗೆ ಹಾಕಿದರು. ಅಲ್ಲಿಂದಲೂ ಕಾಗದಗಳು ಬಂದವು, ಅದೇ ಬೂಟು, ಅದೇ ಕೆಸರು. ಅವುಗಳನ್ನೆಲ್ಲ ರಿಬ್ಬನ್ ಕಟ್ಟಿ ಅವಳು ಪೆಟ್ಟಿಗೆಯಲ್ಲಿ ನನ್ನ ಪಕ್ಕ ಇಡುತ್ತಿದ್ದಳು. ಬೇಸರವಾದಾಗ ಅವುಗಳನ್ನು ಬಿಚ್ಚಿ ಓದುತ್ತಿದ್ದಳು. ನಾನು ಮಾತ್ರ ಬಾಯಿ ಮುಚ್ಚಿಕೊಂಡು ಮುದುಕನಾದೆ.

ಥಾರ್ನ್ ನಿವೃತ್ತನಾಗಿ, ಮೊಮ್ಮಕ್ಕಳನ್ನು ಆಡಿಸಿ, ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ತೀರಿಕೊಂಡ. ಸಮಾಧಿ ಮಾಡಿ ಬಂದವರೆಲ್ಲ ಹೋದ ಮೇಲೆ, ಲುವೀಸಾ ಕಿಟಕಿಯ ಬಳಿ ಕುಳಿತು ಕತ್ತರಿಯಿಂದ ನನ್ನನ್ನು ಒಡೆದಳು. ನನಗೆ ಸಂತೋಷವಾಗಲಿಲ್ಲ.

‘ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಲುವೀಸಾ,’ ಎಂದು ಬರೆದಿದ್ದ. ‘ಪಕ್ಕದ ಕೋಣೆಯಲ್ಲಿ ನೀನು ಓಡಾಡುವ ಸದ್ದು ಕೇಳಿದರೂ ಸಾಕು, ಆ ದಿನ ನನ್ನ ಪಾಲಿಗೆ ತುಂಬಿಬಿಡುತ್ತಿತ್ತು. ಇದನ್ನು ನಿನಗೆ ಒಮ್ಮೆಯೂ ಹೇಳಲಿಲ್ಲ.’

ಅವಳು ಮತ್ತೆ ಮತ್ತೆ ಓದಿದಳು. “ಕುದುರೆಯಂತೆ, ಕುದುರೆ,” ಎಂದು ನಕ್ಕಳು. ನಗು ಹಾಗೇ ಅಳುವಾಯಿತು.

ಈಗ ಅವನ ಖಾಸಗಿ ಪತ್ರಗಳ ಜೊತೆ ಗ್ರಂಥಾಲಯವೊಂದರ ಪೆಟ್ಟಿಗೆಯಲ್ಲಿದ್ದೇನೆ. ಯುದ್ಧದ ವಿವರ ಹುಡುಕಿ ಬರುವವರಿಗೆ ನನ್ನಲ್ಲಿ ಏನೂ ಸಿಗುವುದಿಲ್ಲ. ಮೊದಲೆಲ್ಲ, ಬಾಯಿ ಬಿಡದ ತಪ್ಪು ಅವನೊಬ್ಬನದೇ ಎಂದುಕೊಂಡಿದ್ದೆ. ಆದರೆ ನನ್ನನ್ನು ಒಡೆದ ಆ ಮಧ್ಯಾಹ್ನ ಲುವೀಸಾ ಲೇಖನಿ ತೆಗೆದುಕೊಂಡು, ನನ್ನ ಬೆನ್ನ ಮೇಲೆ ಉಳಿದಿದ್ದ ಜಾಗದಲ್ಲಿ ಉತ್ತರ ಬರೆದಳು:

‘ನಿಮ್ಮ ಕಾಗದ ಇವತ್ತು ತಲುಪಿತು. ಸದ್ದು ನಿಮಗೆ ಕೇಳಲಿ ಎಂದೇ ನಾನು ಅಲ್ಲಿ ಓಡಾಡುತ್ತಿದ್ದೆ. ನಾನೂ ಹೇಳಲಿಲ್ಲ.’