ಮುಂದಕ್ಕೆ ಸರಿದ ಸೀಟು

ಡಿಪೋದಲ್ಲಿ ಎಲ್ಲರೂ ಅವನನ್ನು ಗುಮಾನಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತನ್ನ ಪಾಡಿಗೆ ತಾನು ಇತ್ತು. ಡೀಸೆಲ್ ಹಾಕಿಸಿದ ಮೇಲೆ ಮುಚ್ಚಳ ಮೂಸಿ ನೋಡುವವನು, ಟೀ ಅಂಗಡಿಯವನು ನಕ್ಕು ಮಾತಾಡಿಸಿದರೆ ಇವತ್ತು ಹಾಲಿಗೆ ನೀರು ಜಾಸ್ತಿ ಬಿದ್ದಿದೆ ಎನ್ನುವವನು, ಚಕ್ರದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡದೆ ಬಸ್ಸು ಹತ್ತದವನು. ಅವನಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಯಾರಾದರೂ ಚುಡಾಯಿಸಿದರೆ, ಗುಮಾನಿ ಇರೋನ ಬಸ್ಸು ಗುಂಡಿಗೆ ಬೀಳಲ್ಲ ಎಂದು ಎದೆ ಉಬ್ಬಿಸುತ್ತಿದ್ದ. ಮಾತು ಸುಳ್ಳೂ ಅಲ್ಲ. ಅವನ ಕೈಯಲ್ಲಿ ಬಸ್ಸು ಒಂದು ನಾಯಿಮರಿಗೂ ತಾಗಿರಲಿಲ್ಲ.

ಅಂಥವನ ತಲೆಗೆ ಹುಳ ಹೊಕ್ಕದ್ದು ಒಂದು ಬೆಳಿಗ್ಗೆ. ಎಂದಿನಂತೆ ಹತ್ತಿ ಕೂರಲು ಹೋದವನ ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆ ಸರಿದಿತ್ತು.

ಇದರಲ್ಲೇನು ಮಹಾ ಎಂದು ಕೇಳುವವರು ಬಸ್ಸು ಓಡಿಸಿದವರಲ್ಲ. ಆ ಬಸ್ಸಿಗೆ ಇಬ್ಬರು ಡ್ರೈವರುಗಳು. ಬೆಳಗಿನ ಪಾಳಿ ಗುಮಾನಿಯದು, ಸಂಜೆಯದು ಗುರುಗಳದು. ಅರ್ಧ ಡಿಪೋಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರೇ, ಗುಮಾನಿಗೂ ಅವರೇ, ಅದಕ್ಕೇ ಗುರುಗಳು. ಇಬ್ಬರೂ ಒಂದೇ ಎತ್ತರ, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಂಥ ಆಳುಗಳು. ಒಬ್ಬನಿಗೆ ಸರಿಯಾದ ಸೀಟು ಇನ್ನೊಬ್ಬನಿಗೂ ಸರಿ. ವರ್ಷಗಳಿಂದ ಆ ಸೀಟಿನ ಹಿಡಿಯನ್ನು ಯಾರೂ ಎಳೆದಿರಲಿಲ್ಲ.

ಇಬ್ಬರಿಗೂ ಮುಖಾಮುಖಿ ಅಪರೂಪ. ಇವನು ಮಧ್ಯಾಹ್ನ ಬಸ್ಸನ್ನು ಡಿಪೋ ಅಂಗಳದಲ್ಲಿ ನಿಲ್ಲಿಸಿ ಊಟಕ್ಕೆ ಓಡುತ್ತಿದ್ದ, ಅವರು ಆಮೇಲೆ ಬಂದು ತೆಗೆಯುತ್ತಿದ್ದರು. ಆದರೂ ಅವರ ನಡುವೆ ದಿನಾ ಮಾತುಕತೆ ನಡೆಯುತ್ತಿತ್ತು, ಬಾಯಿಂದಲ್ಲ, ಕುರುಹಿನಿಂದ. ಬಸ್ಸಿನ ಕಾಯಿಲೆಯನ್ನು ಆಫೀಸಿಗೆ ಹೇಳಿದರೆ ನೂರೆಂಟು ಪ್ರಶ್ನೆ, ಕೊನೆಗೆ ತಪ್ಪು ಡ್ರೈವರನ ತಲೆಗೆ. ಹಾಗಾಗಿ ಆ ಡಿಪೋದ ಡ್ರೈವರುಗಳು ಜೊತೆಯವನಿಗೆ ಗುರುತು ಬಿಟ್ಟು ಹೋಗುವುದು ರೂಢಿ. ಗೇರ್ ಬಿಗಿಯಾಗಿದ್ದರೆ ಗೇರಿನ ಕೋಲಿಗೆ ಒಂದು ಬಟ್ಟೆ ಚೂರು. ಮಳೆಯಲ್ಲಿ ಗಾಜು ಒರೆಸುವ ಕಡ್ಡಿ ಕೈಕೊಟ್ಟರೆ ಅದಕ್ಕೊಂದು ದಾರ. ಬ್ರೇಕ್ ಮೆತ್ತಗಾಗಿದ್ದರೆ ಅದರ ಪಕ್ಕ ಒಂದು ಕಲ್ಲು. ನೋಡಿದವನು ಮೆಕ್ಯಾನಿಕ್ಕನ ಭುಜ ತಟ್ಟಿ ಗುಟ್ಟಾಗಿ ರಿಪೇರಿ ಮಾಡಿಸಿಕೊಳ್ಳಬೇಕು. ಈ ವಿದ್ಯೆಯನ್ನೂ ಗುಮಾನಿಗೆ ಗುರುಗಳೇ ಹೇಳಿಕೊಟ್ಟಿದ್ದರು.

ಅವತ್ತು ಬಟ್ಟೆಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಸೀಟು ಮಾತ್ರ ಮುಂದಕ್ಕೆ ಬಂದಿತ್ತು. ಕನ್ನಡಿಯ ಓರೆಯೂ ಬದಲಾಗಿತ್ತು. ಗುಮಾನಿ ಎರಡನ್ನೂ ಸರಿಮಾಡಿಕೊಂಡು ಹೊರಟ. ಮಾರನೆಯ ದಿನ ಮತ್ತೆ ಅದೇ ಕಥೆ. ಮುಂದಿನ ವಾರ ಸೀಟು ಇನ್ನಷ್ಟು ಮುಂದೆ. ಎದುರಿನ ಗಾಜನ್ನು ಯಾರೋ ತಿಕ್ಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದರು.

ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ? ಸೀಟು ಮುಂದೆ ಬಂದಿದೆ ಎಂದರೆ ಕೂತವನ ಕಾಲು ಗಿಡ್ಡ. ಗುರುಗಳ ಕಾಲಂತೂ ಗಿಡ್ಡವಾಗಿರಲು ಸಾಧ್ಯವಿಲ್ಲ. ಹಾಗಾದರೆ ಯಾರು? ಗುಮಾನಿಗೆ ಉತ್ತರ ಹೊಳೆಯಲು ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಗುರುಗಳಿಗೆ ಒಬ್ಬ ಮಗನಿದ್ದ. ತಾಯಿಯ ಕಡೆಯ ಎತ್ತರ, ಎಲ್ಲರ ಬಾಯಲ್ಲೂ ಗಿಡ್ಡ. ಕೆಲಸವಿಲ್ಲ, ಲೈಸೆನ್ಸಿಗೆ ಹೋದ ಸಲವೆಲ್ಲ ಫೇಲಾಗಿ ಬಂದವನು. ನಿವೃತ್ತಿ ಹತ್ತಿರವಾದ ಅಪ್ಪ ಸಂಜೆ ಟ್ರಿಪ್ಪಿನಲ್ಲಿ ಮಗನ ಕೈಗೆ ಸ್ಟೇರಿಂಗ್ ಕೊಟ್ಟು ಪಳಗಿಸುತ್ತಿದ್ದಾರೆ. ಗಾಜು ಒರೆಸುವುದು ಮಗನ ಗುರುದಕ್ಷಿಣೆ. ಎಲ್ಲ ಸರಿಯಾಗಿ ಕೂತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅವನಿಗೆ ಆ ಗಾದೆ ನೆನಪಾಗಲಿಲ್ಲ.

ಇದು ಬರೀ ತಮಾಷೆಯ ಗುಮಾನಿಯಾಗಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದ. ಆದರೆ ಆ ಸಂಜೆ ಬಸ್ಸಿನಲ್ಲೇ ಅವನ ಹೆಂಡತಿ ಮನೆಗೆ ಬರುತ್ತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಚ್ಚುವ ಕೆಲಸ ಅವಳದು. ಊರಾಚೆಯ ಬಡಾವಣೆಗೆ ಕೆಲಸ ಬಿಟ್ಟ ಮೇಲೆ ಸಿಗುತ್ತಿದ್ದದ್ದು ಅದೊಂದೇ ಬಸ್ಸು. ಅದರ ಸ್ಟೇರಿಂಗ್ ಹಿಂದೆ ಲೈಸೆನ್ಸಿಲ್ಲದ ಗಿಡ್ಡ ಕೂತಿದ್ದಾನೆ ಎಂದುಕೊಂಡರೆ ಗುಮಾನಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ.

ಒಂದು ರಾತ್ರಿ ಊಟಕ್ಕೆ ಕೂತಾಗ ಸಂಜೆ ಬಸ್ಸು ಯಾರು ಓಡಿಸ್ತಾರೆ ಎಂದು ಕೇಳಿದ. ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಇನ್ಯಾರು, ಗುರುಗಳೇ ಎಂದಳು. ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ ಅದು. ಆಮೇಲೆ ಬೇಕಿಲ್ಲದ ಕಡೆ ನೆಲ ಒರೆಸತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಆ ಬಸ್ಸಿನ ಕಂಡಕ್ಟರನನ್ನು ಕೇಳಿದರೆ ಅವನಿಗೆ ಇದ್ದಕ್ಕಿದ್ದಂತೆ ಎಲ್ಲೋ ಅರ್ಜೆಂಟು ಕೆಲಸ. ಕಾರ್ಖಾನೆಯ ಮುಂದೆಯೇ ಸ್ಟಾಪಿದ್ದರೂ ಹೆಂಡತಿ ಈಚೆಗೆ ಹಿಂದಕ್ಕೆ ನಡೆದು ಬಸ್‌ಸ್ಟ್ಯಾಂಡಿನಲ್ಲೇ ಹತ್ತುತ್ತಾಳೆ, ಮುಂದಿನ ಸೀಟಿಗೆ ಟವೆಲ್ ಹಾಕುತ್ತಾಳೆ ಎಂದು ಪಕ್ಕದ ಮನೆಯಾಕೆ ಬಾಯಿ ತಪ್ಪಿ ಹೇಳಿದಳು. ಡ್ರೈವರನ ಪಕ್ಕದ ಸೀಟೇ ಯಾಕೆ? ಗುಮಾನಿಯ ಮನಸ್ಸು ಹೋಗಬಾರದ ಕಡೆಗೂ ಒಂದು ಸುತ್ತು ಹೋಗಿ ಬಂತು. ಬಂದ ಮೇಲೆ ತನಗೇ ನಾಚಿಕೆಯಾಗಿ ಮುಖ ತೊಳೆದುಕೊಂಡ.

ಗುರುಗಳನ್ನೇ ನೇರ ಕೇಳಬಹುದಿತ್ತು. ಕೇಳುವುದು ಹೇಗೆ? ಗುರುವಿಗೇ ತಿರುಮಂತ್ರ ಹಾಕಿದ ಎಂದು ಡಿಪೋ ಉಗಿಯುತ್ತದೆ. ಡಿಪೋ ಸಾಹೇಬರಿಗೆ ಹೇಳಿದರೆ ಗುರುಗಳು ನಿವೃತ್ತಿಯ ಹೊಸ್ತಿಲಲ್ಲಿ ಮನೆಗೆ. ಸಾಲದ್ದಕ್ಕೆ ಡ್ರೈವರುಗಳಿಲ್ಲ ಎಂದು ಸಾಹೇಬರು ಒಂದೊಂದೇ ಟ್ರಿಪ್ಪಿಗೆ ಕತ್ತರಿ ಹಾಕುತ್ತಿದ್ದ ಕಾಲ. ನೆಪ ಸಿಕ್ಕರೆ ಆ ಸಂಜೆ ಬಸ್ಸೂ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲು ಕಣ್ಣಾರೆ ನೋಡಬೇಕು ಎಂದು ಅವನು ತೀರ್ಮಾನ ಮಾಡಿದ.

ಮಾರನೆಯ ಸಂಜೆ ತಲೆಗೆ ಟವೆಲ್ ಸುತ್ತಿ, ಅದರ ತುದಿಯಿಂದ ಮೂಗು ಬಾಯಿ ಮುಚ್ಚಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನ ಬಾಗಿಲಿಂದ ಹತ್ತಿದ. ದಿನಾ ತಾನೇ ಓಡಿಸುವ ಬಸ್ಸಿನಲ್ಲಿ ಕಳ್ಳನ ಹಾಗೆ ಕೊನೆಯ ಸಾಲಿನ ಮೂಲೆಗೆ ನುಸುಳಿದ. ಮುಂದೆ ಹೆಂಡತಿ ಆಗಲೇ ಕೂತಿದ್ದಳು, ಡ್ರೈವರನ ಪಕ್ಕದ ಸೀಟಿನಲ್ಲೇ. ಒಳಗಿನ ಇಂಜಿನ್ ಬಾನೆಟ್ ಮೇಲೆ ಬುಟ್ಟಿ ತಬ್ಬಿಕೊಂಡು ತರಕಾರಿ ಮಾರುವ ಅಜ್ಜಿ. ಗುರುಗಳು ಬಂದು ಹತ್ತಿ ತಾವೇ ಕೂತರು. ಗಿಡ್ಡನ ಸುಳಿವಿಲ್ಲ. ಗುಮಾನಿ ಎದೆಗುಂದಲಿಲ್ಲ. ಬೆಳಕಿರುವಾಗ ಯಾರು ಕಳ್ಳತನ ಮಾಡುತ್ತಾರೆ? ಊರು ದಾಟಲಿ, ಆಮೇಲೆ ಹತ್ತುತ್ತಾನೆ.

ಊರು ದಾಟಿತು. ಹೊತ್ತು ಮುಳುಗಿತು. ಗಿಡ್ಡ ಹತ್ತಲಿಲ್ಲ. ಬದಲಿಗೆ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಅರ್ಧಕ್ಕೆ ಬಿಟ್ಟು, ಟಿಕೆಟ್ ಕಟ್ಟನ್ನು ಜನರ ಕೈಗೇ ಕೊಟ್ಟು ಮುಂದಿನ ಮೆಟ್ಟಿಲಿಗೆ ಹೋಗಿ ನಿಂತ. ಜನ ತಾವೇ ಟಿಕೆಟ್ ಹರಿದು ಒಬ್ಬರಿಂದೊಬ್ಬರಿಗೆ ದಾಟಿಸತೊಡಗಿದರು. ಅಜ್ಜಿ ಎಡಕ್ಕೆ ಕೈಗಾಡಿ ಎಂದಳು. ಕಂಡಕ್ಟರ್, ಮುಂದೆ ಲಾರಿಯ ಕೆಂಪು ದೀಪ, ನಿಲ್ಲಿಸಿ ಎಂದ. ಹೆಂಡತಿ ಮುಂದಕ್ಕೆ ಬಾಗಿ, ಹಂಪು ಬಂತು ಗುರುಗಳೇ, ನಿಧಾನ ಎಂದಳು. ಇದೇನು ಹರಟೆ ಎಂದು ಗುಮಾನಿ ಕಿವಿ ನಿಮಿರಿಸಿದ. ಹರಟೆಯಲ್ಲಿ ನಗು ಇರಬೇಕಲ್ಲ, ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಗುರುಗಳು ಗಾಜಿಗೆ ಮೂಗು ತಾಗುವಷ್ಟು ಮುಂದೆ ಬಾಗಿ, ಸ್ಟೇರಿಂಗನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಅವರ ಉದ್ದ ಕಾಲುಗಳು ಮಡಚಿ ಮೊಣಕಾಲು ಎರಡೂ ಕಡೆ ಚಾಚಿಕೊಂಡಿದ್ದವು. ಅಷ್ಟು ಹಿಂಸೆಯಲ್ಲಿ ಯಾರೂ ಸುಮ್ಮಸುಮ್ಮನೆ ಕೂರುವುದಿಲ್ಲ. ಗುಮಾನಿ ಸೀಟಿನ ತುದಿಗೆ ಬಂದು ಕುತ್ತಿಗೆ ಚಾಚಿದ.

ಅದೇ ಹೊತ್ತಿಗೆ ದೀಪವಿಲ್ಲದ ಒಂದು ಸೈಕಲ್ಲು ಪಕ್ಕದ ದಾರಿಯಿಂದ ರಸ್ತೆಗೆ ಬಂತು. ಹೆಂಡತಿ ಕೂಗುವುದು ಒಂದು ಉಸಿರು ತಡವಾಯಿತು. ಬ್ರೇಕಿಗೆ ಬಸ್ಸೆಲ್ಲ ಮುಗ್ಗರಿಸಿತು. ಅಜ್ಜಿಯ ಬುಟ್ಟಿಯಿಂದ ಈರುಳ್ಳಿ ಉರುಳಿ ಹಿಂದಿನ ಸಾಲಿನವರೆಗೂ ಬಂದವು. ಸೈಕಲ್ಲಿನವನು ರಸ್ತೆ ಪಕ್ಕದ ಮರಳಿನ ರಾಶಿಗೆ ಬಿದ್ದು, ಎದ್ದು, ಬಾಯಿಗೆ ಬಂದಂತೆ ಬೈದು, ಸೈಕಲ್ಲು ತಳ್ಳಿಕೊಂಡು ಹೋದ. ಬಸ್ಸಿನಲ್ಲಿ ಒಬ್ಬರೂ ಡ್ರೈವರನನ್ನು ಬೈಯಲಿಲ್ಲ. ಚಿಲ್ಲರೆಗೆ ಜಗಳ ತೆಗೆಯುವ ಜನ ಅವರು. ಅವತ್ತು ಎಲ್ಲರೂ ಒಟ್ಟಿಗೆ, ಏನೂ ಆಗಿಲ್ಲ, ಹೊರಡಿ ಗುರುಗಳೇ ಎಂದರು, ಮಗುವಿಗೆ ಸಮಾಧಾನ ಹೇಳುವಂತೆ. ಅವರಿಗೆಲ್ಲ ಗೊತ್ತಿತ್ತು. ಇಡೀ ಬಸ್ಸಿನಲ್ಲಿ ಗೊತ್ತಿಲ್ಲದಿದ್ದವನು ಇವನೊಬ್ಬನೇ.

ಬಸ್ಸು ಇನ್ನೂ ನಿಂತೇ ಇತ್ತು. ಗುಮಾನಿ ಎದ್ದ. ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮುಂದಕ್ಕೆ ಹೋದ. ಹೆಂಡತಿ ಅವನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಗುರುಗಳ ಪಕ್ಕ ನಿಂತ. ಗುರುಗಳು ತಿರುಗಿ ಅವನ ಮುಖವನ್ನು ನೆಟ್ಟಗೆ ನೋಡಿದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

"ಯಾರ್ರೀ ಅದು? ಹಿಂದಕ್ಕೆ ಹೋಗಿ, ಗಾಜಿಗೆ ಅಡ್ಡ ಬರಬೇಡಿ," ಎಂದರು.

ಗುಮಾನಿಗೆ ಅಳು ಬಂತು. ಈ ಕಣ್ಣುಗಳೇ ಒಂದು ಕಾಲದಲ್ಲಿ ಅವನ ಪಕ್ಕ ಕೂತು, ಅವನು ಕಾಣದ ಗುಂಡಿಗಳನ್ನೆಲ್ಲ ಅವನಿಗಿಂತ ಮೊದಲು ಕಂಡಿದ್ದವು. "ನಾನು, ಗುರುಗಳೇ," ಎಂದ.

ಧ್ವನಿ ಕೇಳಿ ಗುರುಗಳ ಕೈ ಸ್ಟೇರಿಂಗಿನಿಂದ ಜಾರಿತು. ಹೆಂಡತಿ ನಡುವೆ ಬಂದಳು. ಕತ್ತಲಾದ ಮೇಲೆ ಮಾತ್ರ ಹೀಗೆ, ಹಗಲು ಅಷ್ಟಿಲ್ಲ ಎಂದಳು. ಅವರು ಬಿಟ್ಟರೆ ಟ್ರಿಪ್ಪೇ ನಿಲ್ಲುತ್ತದೆ, ಅದಕ್ಕೇ ನಾವೇ ಕೈ ಮುಗಿದು ಬೇಡಿಕೊಂಡೆವು ಎಂದಳು. "ನಿಮಗೆ ಹೇಳಿದ್ರೆ ಮಾರನೇ ದಿನಾನೇ ಸಾಹೇಬರ ಮುಂದೆ ನಿಂತಿರ್ತಿದ್ರಿ. ಆಮೇಲೆ ನಾವೆಲ್ಲ ಮನೆಗೆ ಹೇಗ್ರೀ ಬರೋದು?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಸಿಟ್ಟು ಹೆಚ್ಚಾಯಿತು. ಇಷ್ಟು ಜನ ಸೇರಿ ಇಷ್ಟು ದಿನ ಸಾವಿನ ಜೊತೆ ಆಟ ಆಡಿದ್ದೀರಲ್ಲ ಎಂದು ಎಲ್ಲರ ಕಡೆಗೂ ತಿರುಗಿ ಹೇಳಿದ. ಗುರುಗಳ ಕಡೆ ತಿರುಗಿ, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದ.

ಗುರುಗಳು ಇಂಜಿನ್ ಆಫ್ ಮಾಡಿದರು. ಸಾಹೇಬರ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೇನೆ, ಈ ಜನದ ಮುಖ ನೆನೆದು ಬಾಯಿ ಬರಲಿಲ್ಲ ಎಂದರು. ಆಮೇಲೆ ಸೀಟಿನ ಅಂಚನ್ನು ಕೈಯಿಂದ ಸವರಿದರು.

"ಹೇಳ್ದೆ ಕಣೋ. ದಿನಾ ಹೇಳ್ದೆ. ಇಷ್ಟು ವರ್ಷ ಓಡಿಸಿದೋನಿಗೆ ಇಳಿಯುವಾಗ ಸೀಟು ಹಿಂದಕ್ಕೆ ತಳ್ಳೋದು ಮರೆತು ಹೋಗುತ್ತಾ? ಗೇರ್ ಕೆಟ್ಟರೆ ಗೇರಿಗೆ ಬಟ್ಟೆ ಕಟ್ಟಬಹುದು. ಡ್ರೈವರೇ ಕೆಟ್ಟರೆ ಎಲ್ಲಿಗೆ ಕಟ್ಟಲಿ? ನೀನು ನೋಡ್ತೀಯ, ನಿನ್ನ ಗುಮಾನಿ ನಿನ್ನ ಸುಮ್ಮನೆ ಬಿಡಲ್ಲ, ಬಂದು ನನ್ನ ಕೈ ಹಿಡಿದು ಇಳಿಸ್ತೀಯ ಅಂತ ಕಾದೆ."

ಗುಮಾನಿಗೆ ತಲೆ ಎತ್ತಲು ಆಗಲಿಲ್ಲ. ಗಿಡ್ಡನ ವಿಷಯ ಬಾಯಿ ಬಿಟ್ಟು ಹೇಳುವ ಧೈರ್ಯ ಅವನಿಗೆ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಎಲ್ಲವನ್ನೂ ಶಂಕಿಸಿದ್ದ, ಎಲ್ಲರನ್ನೂ ಶಂಕಿಸಿದ್ದ, ಹೆಂಡತಿಯನ್ನೂ ಬಿಟ್ಟಿರಲಿಲ್ಲ. ಒಬ್ಬ ಮನುಷ್ಯ ಸಹಾಯ ಕೇಳುತ್ತಿರಬಹುದು ಎಂಬ ಗುಮಾನಿ ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಅವನು ಗುರುಗಳ ಕೈ ಹಿಡಿದು ಎಬ್ಬಿಸಿ, ಹೆಂಡತಿ ಬಿಟ್ಟುಕೊಟ್ಟ ಸೀಟಿನಲ್ಲಿ ಕೂರಿಸಿದ. ನಾಳೆ ಇಬ್ಬರೂ ಒಟ್ಟಿಗೆ ಸಾಹೇಬರ ಹತ್ತಿರ ಹೋಗೋಣ ಎಂದ. ನಮ್ ಬಸ್ಸು ಹೋಯ್ತು ಬಿಡಿ ಎಂದು ಯಾರೋ ಹಿಂದಿನಿಂದ ಗೊಣಗಿದರು. ಬೆಳಗಿನ ಪಾಳಿಯನ್ನು ಬಿಟ್ಟುಕೊಡುತ್ತೇನೆ, ಈ ಟ್ರಿಪ್ಪನ್ನು ನನಗೇ ಹಾಕಿ ಎಂದು ಸಾಹೇಬರನ್ನು ಕೇಳುತ್ತೇನೆ, ಹಾಕುವ ತನಕ ಅವರ ಬಾಗಿಲು ಬಿಟ್ಟು ಏಳುವುದಿಲ್ಲ ಎಂದು ಗುಮಾನಿ ಹೇಳಿದ. ಅಜ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, ಹೇಳೋರು ಎಲ್ಲಾ ಹೀಗೇ ಹೇಳ್ತಾರಪ್ಪ ಎಂದಳು. ಅವಳ ಗುಮಾನಿಯನ್ನು ಹೊತ್ತುಕೊಂಡೇ ಅವನು ಸೀಟನ್ನು ಹಿಂದಕ್ಕೆ ತಳ್ಳಿ ಸ್ಟೇರಿಂಗ್ ಹಿಡಿದ.

ಬಸ್ಸು ಹೊರಟಿತು. ಎಲ್ಲರೂ ರಸ್ತೆಯನ್ನೇ ನೋಡುತ್ತಿದ್ದರು, ಅಭ್ಯಾಸವಾಗಿತ್ತಲ್ಲ. ಗುರುಗಳು ಮಾತ್ರ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಎಷ್ಟೋ ದಿನಗಳಿಂದ ಆ ದಾರಿಯಲ್ಲಿ ಅವರಿಗೆ ಕಣ್ಣು ಮುಚ್ಚುವ ಪುರುಸೊತ್ತು ಸಿಕ್ಕಿರಲಿಲ್ಲ.